ಚೀಟಿಯಿಂದ ಬಾಯಿಯವರೆಗೆ: ವೃದ್ಧಾಶ್ರಮಗಳ ಔಷಧದ ಪ್ರಶ್ನೆ

ಸರಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಬೇಕೆಂದು ರಾಜ್ಯ ಸರಕಾರವು 2025ರ ಮೇ ತಿಂಗಳಲ್ಲಿ ಆದೇಶ ಹೊರಡಿಸಿದಾಗ ನಾಡಿನಲ್ಲಿ ನಡೆದ ಚರ್ಚೆ ಬಹುಮಟ್ಟಿಗೆ ರಾಜಕೀಯದ್ದಾಗಿತ್ತು. ಆಸ್ಪತ್ರೆಯೇ ಉಚಿತವಾಗಿ ಔಷಧ ಕೊಡುತ್ತಿರುವಾಗ ಅದೇ ಅಂಗಳದಲ್ಲಿ ಮಾರಾಟದ ಅಂಗಡಿ ಏತಕ್ಕೆ ಎಂದು ಒಂದು ಪಕ್ಷ ಕೇಳಿತು. ಬಡವರ ಕೈಗೆಟಕುವ ಬೆಲೆಯ ಮದ್ದನ್ನು ಕಸಿಯುತ್ತಿದ್ದೀರಿ ಎಂದು ಇನ್ನೊಂದು ಪಕ್ಷ ಹೇಳಿತು. ಜುಲೈ ತಿಂಗಳಲ್ಲಿ ಹೈಕೋರ್ಟಿನ ಧಾರವಾಡ ಪೀಠವು ಆ ಆದೇಶಕ್ಕೆ ತಡೆ ನೀಡಿತು. ಈ ವಾದ ಪ್ರತಿವಾದಗಳ ನಡುವೆ ಒಂದು ವರ್ಗದ ಜನರ ಪ್ರಸ್ತಾಪ ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ. ಅಂಗಡಿಗೆ ನಡೆದು ಹೋಗಲಾರದ, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲಾರದ, ವೃದ್ಧಾಶ್ರಮಗಳ ಕೋಣೆಗಳಲ್ಲಿ ಕುಳಿತಿರುವ ಹಿರಿಯರು ಅವರು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ. ಈಗ ಆ ಸಂಖ್ಯೆ ಇನ್ನೂ ಬೆಳೆದಿದೆ ಎಂಬುದಕ್ಕೆ ಹೊಸ ಗಣತಿ ಬೇಕಿಲ್ಲ. ಯಾವುದೇ ಹಳ್ಳಿಯ ಕಟ್ಟೆಯ ಮೇಲೆ ಕುಳಿತರೆ ಸಾಕು. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದು, ಅಮೆರಿಕ ಎಂದು ಚದುರಿದ ಮೇಲೆ ಊರಿನಲ್ಲಿ ಉಳಿದ ತಂದೆತಾಯಿಗಳ ಪೈಕಿ ಕೆಲವರು ಆಶ್ರಮ ಸೇರುತ್ತಾರೆ. ಅವರಲ್ಲಿ ಬಹುತೇಕರಿಗೆ ರಕ್ತದೊತ್ತಡ, ಮಧುಮೇಹ, ಥೈರಾಯ್ಡ್, ಹೃದಯ, ಕೀಲು ಇವುಗಳಲ್ಲಿ ಎರಡು ಮೂರಾದರೂ ಕಾಯಿಲೆಗಳಿರುತ್ತವೆ. ದಿನಕ್ಕೆ ಏಳೆಂಟು ಮಾತ್ರೆ ನುಂಗುವವರು ಅಪರೂಪವಲ್ಲ. ನಲವತ್ತು ಜನರಿರುವ ಒಂದು ಆಶ್ರಮವೆಂದರೆ ದಿನವೊಂದಕ್ಕೆ ಎರಡು ಮೂರು ನೂರು ಮಾತ್ರೆಗಳು ಸರಿಯಾದ ಬಾಯಿಗೆ, ಸರಿಯಾದ ಹೊತ್ತಿಗೆ ಸೇರಬೇಕು. ಇಷ್ಟು ದೊಡ್ಡ ಕೆಲಸವನ್ನು ನಮ್ಮಲ್ಲಿ ಸಾಮಾನ್ಯವಾಗಿ ನಿರ್ವಹಿಸುವವರು ಒಬ್ಬ ಆಯಾ ಮತ್ತು ಒಂದು ಡಬ್ಬಿ.

ಕಾನೂನಿನ ಕಣ್ಣಿಗೆ ವೃದ್ಧಾಶ್ರಮವು ಒಂದು ವಿಚಿತ್ರ ಸ್ಥಾನದಲ್ಲಿದೆ. ನಮ್ಮ ಕಡೆ ನರ್ಸಿಂಗ್ ಹೋಂ ಎಂದರೆ ಖಾಸಗಿ ಆಸ್ಪತ್ರೆ. ಅಲ್ಲಿ ವೈದ್ಯರಿರುತ್ತಾರೆ, ಔಷಧ ಅಂಗಡಿ ಇರುತ್ತದೆ, ಅಂಗಡಿಯಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಇರಬೇಕೆಂಬ ನಿಯಮವಿದೆ. ವೃದ್ಧಾಶ್ರಮ ಆಸ್ಪತ್ರೆಯಲ್ಲ. ಹಾಗೆಂದು ಅದು ಮನೆಯೂ ಅಲ್ಲ; ಮನೆಯಲ್ಲಾದರೆ ಯಾವ ಮಾತ್ರೆ ಮುಗಿಯುತ್ತ ಬಂದಿದೆ ಎಂದು ಸೊಸೆಯೋ ಮಗನೋ ನೋಡುತ್ತಾರೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಆಶ್ರಯ ನೀಡುವ ವೃದ್ಧಾಶ್ರಮದ ಮಾತನ್ನಾಡುತ್ತದೆ, ಅಲ್ಲಿ ವೈದ್ಯಕೀಯ ಆರೈಕೆಯ ಮಟ್ಟವನ್ನು ರಾಜ್ಯಗಳು ಗೊತ್ತುಪಡಿಸಬೇಕೆಂದು ಹೇಳುತ್ತದೆ, ಸರಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು ಇರಬೇಕೆನ್ನುತ್ತದೆ. ಸಾಲಿನವರೆಗೆ ಬರಲಾಗದವನ ಬಳಿಗೆ ಮದ್ದನ್ನು ಒಯ್ಯುವವರು ಯಾರು ಎಂಬಲ್ಲಿಗೆ ಬಂದಾಗ ಉತ್ತರ ಮಸುಕಾಗುತ್ತದೆ. 2024ರ ಅಕ್ಟೋಬರಿನಲ್ಲಿ 70 ದಾಟಿದವರೆಲ್ಲರಿಗೂ ವಿಸ್ತರಿಸಲಾದ ಆಯುಷ್ಮಾನ್ ಭಾರತದ 5 ಲಕ್ಷ ರೂಪಾಯಿಯ ವಿಮೆಯೂ ಆಸ್ಪತ್ರೆಯಲ್ಲಿ ಒಳರೋಗಿಯಾದವರಿಗೆ. ಬಿಡುಗಡೆಯಾದ ಮೇಲೆ ಹದಿನೈದು ದಿನಗಳ ಔಷಧ ಅದರಲ್ಲಿ ಸೇರಿದೆ. ಹದಿನಾರನೆಯ ದಿನದಿಂದ ಬದುಕಿನುದ್ದಕ್ಕೂ ನುಂಗಬೇಕಾದ ಮಾತ್ರೆ ಸೇರಿಲ್ಲ.

ಇತ್ತೀಚೆಗೆ ಮನೆಬಾಗಿಲಿಗೆ ಔಷಧ ಬರುತ್ತದೆಯಲ್ಲ ಎಂದು ಭಕ್ತರು ಕೇಳುವುದುಂಟು. ಬರುತ್ತದೆ, ಆದರೆ ಅದರ ಕಾನೂನಿನ ತಳಹದಿ ಇನ್ನೂ ಗಟ್ಟಿಯಾಗಿಲ್ಲ. ಅಂತರ್ಜಾಲದ ಮೂಲಕ ಔಷಧ ಮಾರಾಟಕ್ಕೆಂದು ಕೇಂದ್ರ ಸರಕಾರ 2018ರ ಆಗಸ್ಟಿನಲ್ಲಿ ಕರಡು ನಿಯಮಗಳನ್ನು ಪ್ರಕಟಿಸಿತು. ಕರಡು ಕರಡಾಗಿಯೇ ಉಳಿಯಿತು. ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 26ರಂದು, ಪರವಾನಗಿ ಹೊಂದಿದ ಅಂಗಡಿಯವರು ತಮ್ಮದೇ ಕಂದಾಯ ಜಿಲ್ಲೆಯೊಳಗೆ ಮನೆಗೆ ಔಷಧ ತಲುಪಿಸಬಹುದೆಂಬ ಅಧಿಸೂಚನೆ ಬಂದಿತು. ಔಷಧ ವ್ಯಾಪಾರಿಗಳ ಸಂಘದವರು ಅದನ್ನು ಹಿಂತೆಗೆಯಬೇಕೆಂದು ಒತ್ತಾಯಿಸುತ್ತಲೇ ಇದ್ದಾರೆ; ದೊಡ್ಡ ಆನ್‌ಲೈನ್ ಕಂಪನಿಗಳು ತಮ್ಮ ದಾರಿಯಲ್ಲಿ ತಾವು ನಡೆದಿವೆ. ಈ ಜಗಳದಲ್ಲಿ ಎರಡೂ ಕಡೆ ಸ್ವಲ್ಪ ನ್ಯಾಯವಿದೆ ಎಂದು ನನ್ನ ಎಣಿಕೆ. ಆದರೆ ಆಶ್ರಮದ ಕೆಲಸಕ್ಕೆ ಎರಡೂ ಅರ್ಧದಾರಿಯವು.

ವಾಸ್ತವದಲ್ಲಿ ಏನಾಗುತ್ತದೆಂದು ಆಶ್ರಮ ನಡೆಸುವವರೆಲ್ಲ ಬಲ್ಲರು. ಮಗ ದೂರದ ದೇಶದಿಂದ ಮೊಬೈಲಿನಲ್ಲಿ ತಾಯಿಯ ಔಷಧ ತರಿಸುತ್ತಾನೆ. ಪೊಟ್ಟಣ ಆಶ್ರಮದ ಬಾಗಿಲಿಗೆ ಬಂದಾಗ ಒ.ಟಿ.ಪಿ. ಅವನ ಫೋನಿಗೆ ಹೋಗುತ್ತದೆ, ಅಲ್ಲಿ ನಡುರಾತ್ರಿ. ಪೊಟ್ಟಣ ಹಿಂದಿರುಗುತ್ತದೆ. ಇಲ್ಲವೇ ಕಾವಲುಗಾರನ ಕೈಗೆ ಸೇರಿ, ಬಿಸಿಲು ಬೀಳುವ ಅವನ ಕಿಟಕಿಯ ಮೇಲೆ ಸಂಜೆಯವರೆಗೆ ಕುಳಿತಿರುತ್ತದೆ. ಮಗಳು ಬೆಂಗಳೂರಿನಿಂದ ಬಸ್ಸಿನಲ್ಲಿ ಕಳಿಸಿದ್ದೂ, ಆಶ್ರಮದವರು ಊರಿನ ಅಂಗಡಿಯಿಂದ ತಂದಿದ್ದೂ ಒಂದೇ ಔಷಧವಾಗಿ, ಕಂಪನಿಯ ಹೆಸರು ಮಾತ್ರ ಬೇರೆಯಾಗಿದ್ದರೆ ಎರಡನ್ನೂ ನುಂಗಿಸುವ ಅಪಾಯವಿದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡಬೇಕಾದ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ದಿನವೂ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಜಗತ್ತಿನಾದ್ಯಂತ ವೈದ್ಯರು ಎಚ್ಚರಿಸುವ ತಪ್ಪಿದು. ಕೊಡುವ ಕೈಗೆ ಅಕ್ಷರ ಬಂದರೂ ಚೀಟಿಯ ಇಂಗ್ಲಿಷು ಓದಲು ಬಾರದಿದ್ದರೆ ತಡೆಯುವವರಾರು?

ಔಷಧ ತಡವಾದರೆ ಏನು ಮಹಾ, ಎರಡು ದಿನ ಬಿಟ್ಟು ಕೊಟ್ಟರಾಯಿತು ಎಂಬ ಧೋರಣೆ ನಮ್ಮಲ್ಲಿ ಬಹಳ ಇದೆ. ಕೆಲವು ಮಾತ್ರೆಗಳ ವಿಷಯದಲ್ಲಿ ಅದು ನಡೆದೀತು. ಮೂರ್ಛೆರೋಗದ ಮಾತ್ರೆ ತಪ್ಪಿದರೆ ಮೂರ್ಛೆ ಮರುಕಳಿಸುತ್ತದೆ. ಪಾರ್ಕಿನ್ಸನ್ ಕಾಯಿಲೆಯವರ ಲೆವೊಡೋಪಾ ಗಂಟೆಯ ಲೆಕ್ಕದಲ್ಲಿ ಹೋಗಬೇಕು. ಒಂದು ಹೊತ್ತು ತಪ್ಪಿದರೂ ಎದ್ದು ನಡೆಯುವವರು ಮಂಚ ಹಿಡಿಯುತ್ತಾರೆ. ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸುವುದೇ ಅಪಾಯ. ಆದುದರಿಂದ ದಾಸ್ತಾನು ಮುಗಿಯುವ ವಾರದ ಮುಂಚೆಯೇ ಎಚ್ಚರಗೊಳ್ಳುವುದು ಸೌಕರ್ಯದ ಮಾತಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವುದು ಇನ್ಸುಲಿನ್. ಡೆನ್ಮಾರ್ಕಿನ ನೊವೊ ನಾರ್ಡಿಸ್ಕ್ ಸಂಸ್ಥೆ ತನ್ನ ಮಾನವ ಇನ್ಸುಲಿನ್‌ನ ಪೆನ್ನುಗಳನ್ನು ಭಾರತದಲ್ಲಿ ಹಂತಹಂತವಾಗಿ ನಿಲ್ಲಿಸುವುದಾಗಿ 2025ರಲ್ಲಿ ತಿಳಿಸಿತು; ಸೀಸೆಯ ಇನ್ಸುಲಿನ್ ಮುಂದುವರಿಯುತ್ತದೆ. ಪತ್ರಿಕೆಗಳಲ್ಲಿ ಸಣ್ಣ ಸುದ್ದಿಯಾಗಿ ಕಳೆದುಹೋದ ಈ ಸಂಗತಿ ಆಶ್ರಮಗಳ ಮಟ್ಟಿಗೆ ಸಣ್ಣದಲ್ಲ. ಪೆನ್ನಿನಲ್ಲಿ ಅಂಕಿಯನ್ನು ತಿರುಗಿಸಿ ಚುಚ್ಚುವುದು ಸುಲಭ. ಸೀಸೆಯಿಂದ ಸಿರಿಂಜಿಗೆ ಎಳೆಯುವುದಕ್ಕೆ ಕೈಯೂ ಕಣ್ಣೂ ಪಳಗಿರಬೇಕು. ನಮ್ಮ ದೇಶದಲ್ಲಿ ಸೀಸೆಯ ಮಾನವ ಇನ್ಸುಲಿನ್ ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಸಾಂದ್ರತೆಯದು, ಪೆನ್ನಿನದು 100 ಯೂನಿಟ್. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ್ದು. ಉಳಿದಿದೆಯಲ್ಲ, ಏಕೆ ಹಾಳುಮಾಡಬೇಕೆಂದು ಪೆನ್ನಿನ ಇನ್ಸುಲಿನ್ನನ್ನು ಕೆಂಪು ಸಿರಿಂಜಿಗೆ ಎಳೆದು ಅದೇ ಗೆರೆಯವರೆಗೆ ಚುಚ್ಚಿದರೆ ಎರಡೂವರೆ ಪಟ್ಟು ಔಷಧ ದೇಹಕ್ಕೆ ಹೋಗುತ್ತದೆ. ಸಕ್ಕರೆಯ ಅಂಶ ಕುಸಿದು ವೃದ್ಧರು ನಿದ್ರೆಯಲ್ಲಿಯೇ ಪ್ರಜ್ಞೆ ತಪ್ಪಬಹುದು. ಬೆಳಗಿನವರೆಗೆ ಯಾರಿಗೂ ತಿಳಿಯದೆಯೂ ಹೋಗಬಹುದು. ತಿರುಗುಮುರುಗಾದರೆ ಸಿಗಬೇಕಾದುದರ ಅರ್ಧಕ್ಕಿಂತ ಕಡಿಮೆ ಸಿಕ್ಕು ಸಕ್ಕರೆ ಏರುತ್ತಲೇ ಇರುತ್ತದೆ. ಆಶ್ರಮದಲ್ಲಿ ಪೆನ್ನು ಬಳಸುತ್ತಿದ್ದವರನ್ನು ಸೀಸೆಗೆ ಬದಲಿಸುವಾಗ ವೈದ್ಯರ ಹೊಸ ಚೀಟಿಯೂ, ಚುಚ್ಚುವವರಿಗೆ ಹೊಸ ತರಬೇತಿಯೂ ಆಗಲೇಬೇಕು.

ಬಳಸದ ಇನ್ಸುಲಿನ್ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು, ಹೆಪ್ಪುಗಟ್ಟಬಾರದು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆಯ ಬೇಸಿಗೆಯಲ್ಲಿ, ಕರೆಂಟು ಹೋದ ಮಧ್ಯಾಹ್ನಗಳಲ್ಲಿ, ಈ ಮಾತಿಗೆ ಬೇರೆಯೇ ತೂಕವಿದೆ. ಫ್ರಿಜ್ ಕೈಕೊಟ್ಟಾಗ ಮಣ್ಣಿನ ಮಡಕೆಯ ನೀರಿನ ತಂಪಿನಲ್ಲಿ ಸೀಸೆಯನ್ನು ಒದ್ದೆಯಾಗದಂತೆ ಇಡುವ ಕ್ರಮವನ್ನು ವೈದ್ಯರೂ ಒಪ್ಪುತ್ತಾರೆ. ನಮ್ಮ ಅಜ್ಜಿಯರು ಹಾಲು ಮೊಸರನ್ನು ಕಾಪಾಡಿದ ಬಗೆಯೇ ಇದು.

ಇಷ್ಟೆಲ್ಲ ಹೇಳುವುದರ ತಾತ್ಪರ್ಯ ಔಷಧದ ಕೊರತೆಯೊಂದೇ ತೊಂದರೆಯಲ್ಲ ಎಂಬುದು. ಕೊರತೆಯೂ ಇದೆ. ಸರಕಾರಿ ಖರೀದಿಯ ವ್ಯವಸ್ಥೆ ಹೇಗೆ ಎಡವಬಲ್ಲದೆಂಬುದನ್ನು 2024ರ ನವೆಂಬರಿನಲ್ಲಿ ಬಳ್ಳಾರಿಯ ಬಾಣಂತಿಯರ ಸಾವುಗಳು ತೋರಿಸಿದವು. ರಕ್ತನಾಳಕ್ಕೆ ಏರಿಸಿದ ದ್ರಾವಣದ ಮೇಲೆಯೇ ಸಂಶಯ ಬಂದು ರಾಜ್ಯವೆಲ್ಲ ಅದರ ಬಳಕೆ ನಿಂತಿತು. ಆದರೆ ಆಶ್ರಮಗಳಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು ಬಗೆಯ ಬಡತನ: ವೈದ್ಯರ ಚೀಟಿಗೂ ರೋಗಿಯ ಬಾಯಿಗೂ ನಡುವಿನ ದಾರಿಗೆ ಹೊಣೆಗಾರರಿಲ್ಲ. ನಮ್ಮ ಮಠಗಳ ದಾಸೋಹವನ್ನು ನೋಡಿ. ಎಷ್ಟು ಚೀಲ ಜೋಳ ಬಂತು, ಯಾವ ಭಕ್ತರಿಂದ ಬಂತು, ಇಂದು ಎಷ್ಟು ಬೀಸಲು ಹೋಯಿತು, ನಾಡಿದ್ದು ಜಾತ್ರೆಗೆ ಎಷ್ಟು ಬೇಕು ಎಂಬುದೆಲ್ಲ ಉಗ್ರಾಣದ ವಹಿಯಲ್ಲಿರುತ್ತದೆ. ಜೋಳ ಮುಗಿದ ಮೇಲೆ ಚೀಲ ತರಲು ಓಡುವ ಉಗ್ರಾಣಿಗನನ್ನು ಯಾವ ಮಠವೂ ಇಟ್ಟುಕೊಳ್ಳುವುದಿಲ್ಲ. ಅದೇ ಮಠಗಳು ನಡೆಸುವ ಆಶ್ರಮಗಳಲ್ಲಿ ಮದ್ದಿನ ಲೆಕ್ಕವು ಬೂಟಿನ ಖಾಲಿ ಡಬ್ಬಿಯಲ್ಲಿ, ಕತ್ತರಿಸಿದ ಪಟ್ಟಿಗಳ ರೂಪದಲ್ಲಿ ಬಿದ್ದಿರುವುದುಂಟು. ಕತ್ತರಿಸಿದ ಪಟ್ಟಿಯಲ್ಲಿ ಅವಧಿ ಮೀರುವ ದಿನಾಂಕವೂ ಇರುವುದಿಲ್ಲ, ತಯಾರಿಕೆಯ ತಂಡದ ಸಂಖ್ಯೆಯೂ ಇರುವುದಿಲ್ಲ.

ಶರಣರಲ್ಲಿ ವೈದ್ಯ ಸಂಗಣ್ಣನವರೆಂಬವರಿದ್ದರು. ವೈದ್ಯವೇ ಅವರ ಕಾಯಕ. ವಾತ ಪಿತ್ತ ಕಫಗಳ ಪರಿಭಾಷೆಯನ್ನು ಅವರು ವಚನಗಳಿಗೂ ತಂದರು. ಕಲ್ಯಾಣದಲ್ಲಿ ಮದ್ದು ಕೊಡುವುದು ಕರುಣೆಯ ಕೆಲಸವಾಗಿರಲಿಲ್ಲ, ಕಾಯಕವಾಗಿತ್ತು. ಕಾಯಕವೆಂದರೆ ಅದಕ್ಕೆ ಹೊಣೆಯಿದೆ, ನೇಮವಿದೆ. ಆಶ್ರಮದ ಮಾತ್ರೆಯನ್ನು ನಾವು ಇನ್ನೂ ಕರುಣೆಯ ಖಾತೆಯಲ್ಲಿಟ್ಟಿದ್ದೇವೆ.

ಈ ಕೆಲಸಕ್ಕೆ ಬೇಕಾದವರು ನಮ್ಮಲ್ಲಿ ಇಲ್ಲದೆ ಇಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ, ಮೈಸೂರಿನ ಜೆ.ಎಸ್.ಎಸ್., ವಿಜಯಪುರದ ಬಿ.ಎಲ್.ಡಿ.ಇ., ಕಲಬುರಗಿಯ ಎಚ್.ಕೆ.ಇ. ಇವೆಲ್ಲ ಸಮಾಜದ ಹಿರಿಯರೂ ಮಠಾಧೀಶರೂ ಬೆವರು ಸುರಿಸಿ ಕಟ್ಟಿದ ಸಂಸ್ಥೆಗಳು. ಇವುಗಳ ಆಶ್ರಯದಲ್ಲಿ ಔಷಧ ವಿಜ್ಞಾನದ ಕಾಲೇಜುಗಳು ನಡೆಯುತ್ತಿವೆ. ನಮ್ಮ ದೇಶದಲ್ಲಿ 2008ರಿಂದ ಫಾರ್ಮ್.ಡಿ. ಎಂಬ ಆರು ವರ್ಷಗಳ ಪದವಿಯೂ ಇದೆ. ರೋಗಿಯ ಎಲ್ಲ ಔಷಧಗಳನ್ನು ಒಟ್ಟಿಗೆ ಹರಡಿಕೊಂಡು, ಯಾವುದು ಎರಡು ಬಾರಿ ಬಂದಿದೆ, ಯಾವುದು ಯಾವುದಕ್ಕೆ ವಿರುದ್ಧ, ಮೂತ್ರಪಿಂಡ ಕುಗ್ಗಿದ ವಯಸ್ಸಿಗೆ ಯಾವ ಪ್ರಮಾಣ ಹೆಚ್ಚಾಯಿತು ಎಂದು ನೋಡಿ ವೈದ್ಯರಿಗೆ ತಿಳಿಸುವುದೇ ಈ ವಿದ್ಯಾರ್ಥಿಗಳ ಅಭ್ಯಾಸದ ವಿಷಯ. ಅವರು ತಿಂಗಳಿಗೊಮ್ಮೆ ತಮ್ಮ ಅಧ್ಯಾಪಕರೊಂದಿಗೆ ಹತ್ತಿರದ ಆಶ್ರಮಕ್ಕೆ ಬಂದರೆ ಅವರಿಗೂ ಪಾಠ, ಹಿರಿಯರಿಗೂ ರಕ್ಷೆ. ಇದಕ್ಕೆ ಸರಕಾರದ ಅನುದಾನ ಬೇಕಿಲ್ಲ. ಮಠ ಮತ್ತು ಕಾಲೇಜುಗಳ ನಡುವೆ ಒಂದು ಪತ್ರ ಬೇಕು.

ಕಾನೂನಿನಲ್ಲಿಯೂ ನಾವು ಬಳಸಿಕೊಳ್ಳದ ಅನುಕೂಲವೊಂದಿದೆ. 1945ರ ಔಷಧ ನಿಯಮಗಳಲ್ಲಿ 65ನೆಯ ನಿಯಮದ ಪ್ರಕಾರ ಒಂದು ಚೀಟಿಯ ಮೇಲೆ ಒಮ್ಮೆ ಮಾತ್ರ ಔಷಧ ಕೊಡಬೇಕು. ಆದರೆ ಇಷ್ಟು ಬಾರಿ ಅಥವಾ ಇಷ್ಟು ಅಂತರದಲ್ಲಿ ಕೊಡಬಹುದೆಂದು ವೈದ್ಯರೇ ಬರೆದಿದ್ದರೆ ಹಾಗೆಯೇ ಕೊಡಬಹುದು. ಅನೇಕ ವೈದ್ಯರು ಇದನ್ನು ಬರೆಯುವುದಿಲ್ಲ, ನಾವು ಕೇಳುವುದಿಲ್ಲ. ತಿಂಗಳು ತಿಂಗಳೂ ನಡೆಯಲಾಗದ ಹಿರಿಯರನ್ನು ಆಟೋದಲ್ಲಿ ಕೂರಿಸಿ ಒಯ್ಯುತ್ತೇವೆ, ಇಲ್ಲವೇ ಹಳೆಯ ಚೀಟಿ ತೋರಿಸಿ ಅಂಗಡಿಯವರನ್ನು ಇಕ್ಕಟ್ಟಿಗೆ ಸಿಲುಕಿಸುತ್ತೇವೆ. ಅದೇ ನಿಯಮವು ಪರಿಶಿಷ್ಟ ಎಚ್‌ಗೆ ಸೇರಿದ ಔಷಧವನ್ನು ಬರೆದಿರುವಾಗ ಅಂಗಡಿಯವರು ತಾವಾಗಿ ಬೇರೊಂದನ್ನು ಕೊಡಕೂಡದೆಂದೂ ಹೇಳುತ್ತದೆ. ಆದ್ದರಿಂದ ಜನೌಷಧಿಯ ಕಡಿಮೆ ಬೆಲೆಯ ಮಾತ್ರೆ ಬೇಕಾದವರು ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರನ್ನೇ ಬರೆಯುವಂತೆ ವೈದ್ಯರನ್ನು ಕೇಳಿಕೊಳ್ಳಬೇಕು. ನಿದ್ರೆಯ ಮಾತ್ರೆಗಳಂಥ ಎಚ್1 ಪಟ್ಟಿಯ ಔಷಧಗಳಿಗೆ ಅಂಗಡಿಯವರು ಪ್ರತ್ಯೇಕ ವಹಿಯನ್ನೇ ಇಡಬೇಕಾಗುತ್ತದೆ. ಅವರು ಚೀಟಿಗಾಗಿ ಹಟ ಹಿಡಿದರೆ ಕೋಪಿಸಿಕೊಳ್ಳುವುದು ತರವಲ್ಲ.

2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭಗೊಂಡು ಬಳಿಕ ರಾಜ್ಯಕ್ಕೆ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಮನೆಗೆ ಬಂದು ರಕ್ತದೊತ್ತಡ, ಮಧುಮೇಹ ಮೊದಲಾದವನ್ನು ತಪಾಸಿಸಿ ಔಷಧ ಕೊಡುವ ಏರ್ಪಾಡಿದೆ. ಒಂದು ಬಾಗಿಲಿನ ಹಿಂದೆ ನಲವತ್ತು ಹಿರಿಯರಿರುವ ಆಶ್ರಮವನ್ನು ಆ ಪಟ್ಟಿಗೆ ಮೊದಲು ಸೇರಿಸಬೇಕಾದದ್ದು ನ್ಯಾಯ. ತಮ್ಮ ಊರಿನ ಆಶ್ರಮದಲ್ಲಿರುವವರ ಹೆಸರು, ವಯಸ್ಸು, ಕಾಯಿಲೆ, ಔಷಧದ ಪಟ್ಟಿಯೊಡನೆ ತಾಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯುವುದು ಆಡಳಿತ ಮಂಡಳಿಗಳ ಕೆಲಸ. ಬಾಯಿಮಾತಿನ ಮನವಿಗೆ ಕಡತವಿರುವುದಿಲ್ಲ.

ದೂರದಲ್ಲಿರುವ ಮಕ್ಕಳಿಗೂ ಒಂದು ಮಾತು. ಪ್ರೀತಿಯಿಂದ ಪೊಟ್ಟಣ ಕಳಿಸುವ ಮೊದಲು ಆಶ್ರಮದ ವಹಿಯಲ್ಲಿ ಏನಿದೆ ಎಂದು ಕೇಳಿ; ವಿತರಣೆಗೆ ಆಶ್ರಮದವರ ಫೋನಿನ ಸಂಖ್ಯೆಯನ್ನೇ ಕೊಡಿ. ಅದಕ್ಕಿಂತ ಒಳಿತೆಂದರೆ ಊರಿನ ಒಂದೇ ಅಂಗಡಿಯಲ್ಲಿ ತಂದೆತಾಯಿಗಳ ಖಾತೆ ತೆರೆದು ಅಲ್ಲಿಗೇ ಹಣ ಕಳಿಸುವುದು. ಆಗ ಆ ಅಂಗಡಿಯ ಫಾರ್ಮಸಿಸ್ಟನಿಗೆ ಹಿರಿಯರ ಇಡೀ ಔಷಧದ ಚರಿತ್ರೆ ಗೊತ್ತಿರುತ್ತದೆ, ಒಂದು ಹೊಸ ಚೀಟಿ ಹಳೆಯದಕ್ಕೆ ಹೊಂದದಿದ್ದರೆ ಅವನೇ ಫೋನು ಮಾಡುತ್ತಾನೆ. ಶ್ರೀಮಠದ ಭಕ್ತರಲ್ಲಿ ಔಷಧ ಅಂಗಡಿ ನಡೆಸುವವರು ಅನೇಕರಿದ್ದಾರೆ. ತಮ್ಮ ಊರಿನ ಆಶ್ರಮದ ಮದ್ದಿನ ವಹಿಯನ್ನು ವಾರಕ್ಕೊಂದು ಗಂಟೆ ನೋಡಿಕೊಡಲು ಸಿದ್ಧರಿರುವವರು ಶ್ರೀಮಠದ ಕಚೇರಿಯಲ್ಲಿ ಹೆಸರು ಬರೆಸಬೇಕೆಂದು ವಿನಂತಿ.