ರಟ್ಟಿನ ಹೆಲ್ಮೆಟ್‌ಗೂ ಮಾರ್ಕ್ಸ್ ಕೊಡಿ

ನಾವು ಕಾಲೇಜಿಗೆ ಸೇರಿದ ಮೇಲೆ ಎರಡು ಫೆಸ್ಟ್ ನೋಡಿದ್ದೇವೆ. ಎರಡರಲ್ಲೂ ಕಾಸ್‌ಪ್ಲೇ ಸ್ಪರ್ಧೆಯ ಮೊದಲ ಬಹುಮಾನ ಹೋಗಿದ್ದು ದುಡ್ಡು ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ವೇಷಕ್ಕೆ. ಮೊದಲ ವರ್ಷ ನಮ್ಮ ಪಕ್ಕದ ರೂಮಿನವನೊಬ್ಬ ರಟ್ಟು, ಫೆವಿಕಾಲ್, ಬಿಳಿ ಸ್ಪ್ರೇ ಪೇಂಟ್ ಇಟ್ಕೊಂಡು ಮೂರು ವಾರ ಕೂತು ಸ್ಟಾರ್ಮ್‌ಟ್ರೂಪರ್ ಹೆಲ್ಮೆಟ್ ಮಾಡಿದ್ದ. ಸ್ಟೇಜ್ ಮೇಲೆ ಬಂದಾಗ ಹಿಂದಿನ ಸಾಲಿನಿಂದ "ಫ್ರಿಜ್ ಬಾಕ್ಸ್!" ಅಂತ ಕೂಗಿದರು. ಈ ವರ್ಷ ಅವನು ಹೆಸರೇ ಕೊಡಲಿಲ್ಲ. ಅವನಿಗೆ ಬೇಜಾರಾಯ್ತು ಅಂತಷ್ಟೇ ನಾವು ಇದನ್ನು ಬರೀತಿಲ್ಲ. ಇಂಜಿನಿಯರಿಂಗ್ ಓದೋ ಜಾಗದಲ್ಲಿ, ಮಾಡಿದವನನ್ನು ನೋಡಿ ನಕ್ಕು ಕೊಂಡವನಿಗೆ ಚಪ್ಪಾಳೆ ಹೊಡೆಯೋದು ಸ್ವಲ್ಪ ವಿಚಿತ್ರ ಅಲ್ವಾ?

ಅದರಲ್ಲೂ ಈ ಸಿನಿಮಾಗಳ ಹಿಂದಿನ ಕಥೆ ಗೊತ್ತಾದರೆ ಇನ್ನೂ ವಿಚಿತ್ರ ಅನ್ಸುತ್ತೆ. ಲ್ಯೂಕ್ ಸ್ಕೈವಾಕರ್‌ನ ಲೈಟ್‌ಸೇಬರ್ ತಗೊಳ್ಳಿ. ಮೊದಲ ಸ್ಟಾರ್ ವಾರ್ಸ್ 1977ರಲ್ಲಿ ಬಂತು. ಅದರ ಸೆಟ್ ಡೆಕೋರೇಟರ್ ರಾಜರ್ ಕ್ರಿಶ್ಚಿಯನ್ ಕೈಯಲ್ಲಿ ಜಾಸ್ತಿ ದುಡ್ಡಿರಲಿಲ್ಲ. ಲಂಡನ್‌ನ ಒಂದು ಫೋಟೋ ಅಂಗಡಿಯಲ್ಲಿ ಗ್ರಾಫ್ಲೆಕ್ಸ್ ಕಂಪನಿಯ ಹಳೇ ಕ್ಯಾಮೆರಾ ಫ್ಲ್ಯಾಶ್‌ಗಳ ಹಿಡಿಕೆ ಅವರಿಗೆ ಸಿಕ್ಕಿತು. ಒಂದು ಕಾಲದಲ್ಲಿ ಪತ್ರಿಕಾ ಫೋಟೋಗ್ರಾಫರ್‌ಗಳು ಬಳಸುತ್ತಿದ್ದ, ಬ್ಯಾಟರಿ ಹಾಕೋ ಲೋಹದ ಕೊಳವೆ ಅದು. ಹಿಡಿತಕ್ಕೆ ಅಂತ ಅದಕ್ಕೆ ಕಪ್ಪು ಪಟ್ಟಿಗಳನ್ನು ಅಂಟಿಸಿದರು. ಮಧ್ಯದಲ್ಲಿ ಹಳೇ ಕ್ಯಾಲ್ಕ್ಯುಲೇಟರ್‌ನ ಡಿಸ್‌ಪ್ಲೇ ಮೇಲಿರುತ್ತಿದ್ದ ಗುಳ್ಳೆ ಗುಳ್ಳೆ ಲೆನ್ಸ್ ಪಟ್ಟಿ ಕೂರಿಸಿದರು. ಮುಗೀತು, ಗ್ಯಾಲಕ್ಸಿಯ ಅತ್ಯಂತ ಪ್ರಸಿದ್ಧ ಆಯುಧ ರೆಡಿ. ಹಾನ್ ಸೋಲೋನ ಗನ್ ಕೂಡ ಹಾಗೇ, ಹಳೇ ಜರ್ಮನ್ ಮೌಸರ್ ಪಿಸ್ತೂಲಿಗೆ ಅದೂ ಇದೂ ಸೇರಿಸಿದ್ದು. ಆ ಸಿನಿಮಾದ ಕಲಾ ವಿಭಾಗಕ್ಕೆ ಆಸ್ಕರ್ ಬಂತು, ಪಡೆದವರಲ್ಲಿ ಕ್ರಿಶ್ಚಿಯನ್ ಕೂಡ ಒಬ್ಬರು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಎಸ್‌ಪಿ ರೋಡ್‌ನಲ್ಲಿ ಒಂದು ಸುತ್ತು ಹಾಕಿ ಬಂದು ಪ್ರಾಜೆಕ್ಟ್ ಮುಗಿಸಿದ ಹಾಗೆ.

ಈಗ ನೋಡಿ, ಆ ಗುಜರಿ ಫ್ಲ್ಯಾಶ್ ಹಿಡಿಕೆಯನ್ನು ಅಭಿಮಾನಿಗಳು ಹುಡುಕಿ ಹುಡುಕಿ ದುಬಾರಿ ಬೆಲೆಗೆ ಕೊಳ್ತಾರೆ. (ಪ್ರಾಪ್‌ಗೆ ಕನ್ನಡದಲ್ಲಿ "ರಂಗಪರಿಕರ" ಅಂತಾರೆ ಅಂತ ನಮ್ಮ ಕ್ಲಬ್‌ನ ಸೀನಿಯರ್ ಒಬ್ಬರು ಹೇಳಿಕೊಟ್ಟರು. ಇಂಗ್ಲಿಷ್ ಮೀಡಿಯಂನವರಾದ ನಮಗೆ ಆ ಪದ ತುಂಬಾ ಹಿಡಿಸಿತು, ಆದರೆ ಬಾಯಿಗೆ ಬರೋದು ಪ್ರಾಪ್ ಅಂತಲೇ.) 2017ರಲ್ಲಿ ಒಂದು ಆರ್2-ಡಿ2 ರೋಬೋ ಹರಾಜಿನಲ್ಲಿ 27.6 ಲಕ್ಷ ಡಾಲರ್‌ಗೆ ಹೋಯಿತು. ಅದು ಕೂಡ ಬೇರೆ ಬೇರೆ ಸಿನಿಮಾಗಳಿಗೆ ಬಳಸಿದ ಬಿಡಿಭಾಗಗಳನ್ನು ಜೋಡಿಸಿ ನಿಲ್ಲಿಸಿದ್ದು. ಅದೇ ವರ್ಷ 1956ರ 'ಫರ್ಬಿಡನ್ ಪ್ಲಾನೆಟ್' ಸಿನಿಮಾದ ರಾಬಿ ರೋಬೋಗೆ 53 ಲಕ್ಷ ಡಾಲರ್ ದಾಟಿತು.

ಹಾಗಂತ ಸಂಗ್ರಹ ಮಾಡೋರನ್ನೆಲ್ಲ ನಾವು ಬೈತಿಲ್ಲ. ಅವರಿಲ್ಲದಿದ್ದರೆ ಈ ಎಷ್ಟೋ ವಸ್ತುಗಳು ತಿಪ್ಪೆ ಸೇರ್ತಿದ್ವು. ಸ್ಟುಡಿಯೋಗಳಿಗೆ ಶೂಟಿಂಗ್ ಮುಗಿದ ಮೇಲೆ ಪ್ರಾಪ್ ಅಂದ್ರೆ ಜಾಗ ತಿನ್ನೋ ಸಾಮಾನು ಅಷ್ಟೆ. ಗ್ರೆಗ್ ಜೀನ್ ಅನ್ನೋ ಮಾಡೆಲ್ ತಯಾರಕರು ಇದ್ದರು. 'ಕ್ಲೋಸ್ ಎನ್‌ಕೌಂಟರ್ಸ್ ಆಫ್ ದ ಥರ್ಡ್ ಕೈಂಡ್'ಗೆ ಕೆಲಸ ಮಾಡಿ ಆಸ್ಕರ್‌ಗೆ ನಾಮಿನೇಟ್ ಆದವರು. 2022ರಲ್ಲಿ ಅವರು ತೀರಿಕೊಂಡ ಮೇಲೆ ಗ್ಯಾರೇಜಿನ ಒಂದು ಡಬ್ಬದಲ್ಲಿ, ಪ್ಯಾಕಿಂಗ್ ಥರ್ಮೋಕೋಲ್ ಚೂರುಗಳ ನಡುವೆ, ಮೊದಲ ಸ್ಟಾರ್ ವಾರ್ಸ್‌ನ ಎಕ್ಸ್-ವಿಂಗ್ ಮಾಡೆಲ್ ಸಿಕ್ಕಿತು. ಮಾರನೇ ವರ್ಷ ಅದು 31 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹರಾಜಾಯಿತು. ಆದರೆ ಜೀನ್ ಅದನ್ನು ಇಟ್ಟುಕೊಂಡಿದ್ದು ರೇಟ್ ನೋಡಿ ಇರಲಿಕ್ಕಿಲ್ಲ. ಮಾಡುವವನಿಗೆ ಇನ್ನೊಬ್ಬ ಮಾಡಿದ್ದರ ಬೆಲೆ ಗೊತ್ತಿರುತ್ತೆ.

ನಮಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಆರ್2-ಡಿ2 ಬಿಲ್ಡರ್ಸ್ ಕ್ಲಬ್‌ದು. 1999ರಲ್ಲಿ ಆಸ್ಟ್ರೇಲಿಯಾದ ಡೇವ್ ಎವರೆಟ್ ಶುರು ಮಾಡಿದ್ದು. ಅಲ್ಲಿನ ಸದಸ್ಯರು ಸಿನಿಮಾದ ಫೋಟೋಗಳನ್ನು ಇಟ್ಟುಕೊಂಡು ಒಂದೊಂದೇ ಭಾಗದ ಅಳತೆ ತೆಗೆದರು, ಡ್ರಾಯಿಂಗ್ ಮಾಡಿದರು, ಅದನ್ನು ಒಬ್ಬರಿಗೊಬ್ಬರು ಹಂಚಿಕೊಂಡರು. ಒಬ್ಬರು ಅಲ್ಯೂಮಿನಿಯಂ ಡೋಮ್ ಮಾಡ್ತಾರೆ, ಇನ್ನೊಬ್ಬರು ಮೋಟರ್, ಮತ್ತೊಬ್ಬರು ಲೈಟ್‌ನ ಸರ್ಕ್ಯೂಟ್. ಮೆಕ್ಯಾನಿಕಲ್, ಇ ಅಂಡ್ ಸಿ, ಸಿಎಸ್ ಮೂರೂ ಬ್ರಾಂಚ್ ಒಂದೇ ಡ್ರಮ್ಮಿನೊಳಗೆ. 2013ರಲ್ಲಿ ಜರ್ಮನಿಯ ಎಸ್ಸೆನ್‌ನಲ್ಲಿ ನಡೆದ ಸ್ಟಾರ್ ವಾರ್ಸ್ ಸೆಲೆಬ್ರೇಷನ್ ಕನ್ವೆನ್ಷನ್‌ನಲ್ಲಿ ಇವರು ತಮ್ಮ ರೋಬೋಗಳನ್ನು ಇಟ್ಟುಕೊಂಡು ನಿಂತಿದ್ದಾಗ, ಲ್ಯೂಕಸ್‌ಫಿಲ್ಮ್ ಮುಖ್ಯಸ್ಥೆ ಕ್ಯಾಥ್ಲೀನ್ ಕೆನಡಿ ನೋಡೋಕೆ ಬಂದರು. ಬೇಕಿದ್ರೆ ನಾವೇ ಮಾಡಿಕೊಡ್ತೀವಿ ಅಂತ ಲೀ ಟವರ್ಸಿ ಮತ್ತು ಆಲಿವರ್ ಸ್ಟೀಪಲ್ಸ್ ಅರ್ಧ ತಮಾಷೆಗೆ ಹೇಳಿದರು. 2015ರಲ್ಲಿ ಬಂದ 'ದ ಫೋರ್ಸ್ ಅವೇಕನ್ಸ್'ನ ಆರ್2-ಡಿ2 ತಯಾರಿಸಿದ್ದು ಅವರೇ. ಕ್ಯಾಂಪಸ್ ಪ್ಲೇಸ್‌ಮೆಂಟ್ ಅಂದ್ರೆ ಇದು ಗುರು!

ಅದೇ ಕೂಟದಿಂದ ಬಂದ ಇನ್ನೊಂದು ರೋಬೋ ಇದೆ, ಪಿಂಕ್ ಬಣ್ಣದ್ದು, ಹೆಸರು ಆರ್2-ಕೆಟಿ. ಸ್ಟಾರ್ಮ್‌ಟ್ರೂಪರ್ ವೇಷದವರ ಸಂಘವಾದ 501ಸ್ಟ್ ಲೀಜನ್ ಅನ್ನು 1997ರಲ್ಲಿ ಹುಟ್ಟುಹಾಕಿದ ಆಲ್ಬಿನ್ ಜಾನ್ಸನ್ ಅವರ ಪುಟ್ಟ ಮಗಳು ಕೇಟಿಗೆ ಮಿದುಳಿನ ಕ್ಯಾನ್ಸರ್ ಆಯಿತು. ಸಿನಿಮಾದಲ್ಲಿ ಆರ್2 ಪದ್ಮೆಯನ್ನು ಕಾಯುವ ಹಾಗೆ ತನ್ನನ್ನೂ ಒಂದು ರೋಬೋ ಕಾಯಬೇಕು ಅಂತ ಅವಳು ಆಸೆಪಟ್ಟಳು. ಬಿಲ್ಡರ್‌ಗಳು ಅವಳಿಗೋಸ್ಕರ ಕೆಲಸ ಶುರು ಮಾಡಿದರು. ಪೂರ್ತಿ ಆಗೋವರೆಗೆ ಕಾಯೋಕೆ ಟೈಮ್ ಇರಲಿಲ್ಲ, ಹಾಗಾಗಿ ಇದ್ದ ಒಂದು ರೋಬೋವನ್ನೇ ಪಿಂಕ್ ಮಾಡಿ 2005ರ ಜುಲೈನಲ್ಲಿ ಅವಳ ಹತ್ತಿರ ಕರೆದೊಯ್ದರು. ಆಗಸ್ಟ್‌ನಲ್ಲಿ ಅವಳು ಹೋದಳು. ಮರುವರ್ಷ ಮುಗಿದ ಆರ್2-ಕೆಟಿ ಇವತ್ತಿಗೂ ಆಸ್ಪತ್ರೆಗಳಿಗೆ, ಮಕ್ಕಳ ಕಾರ್ಯಕ್ರಮಗಳಿಗೆ ಹೋಗುತ್ತೆ, ಸಿನಿಮಾದಲ್ಲೂ ಕಾಣಿಸಿಕೊಂಡಿದೆ. ಇದನ್ನು ಯಾವ ಅಂಗಡಿಯಲ್ಲಿ ಆರ್ಡರ್ ಮಾಡ್ತೀರಾ?

ಕನ್ವೆನ್ಷನ್‌ಗೆ ವೇಷ ಹಾಕಿಕೊಂಡು ಬರೋ ಪದ್ಧತಿ ಶುರುವಾಗಿದ್ದೇ ಹೊಲಿಗೆಯಿಂದ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವರ್ಲ್ಡ್‌ಕಾನ್ ನಡೆದಾಗ ಫಾರೆಸ್ಟ್ ಜೆ. ಆಕರ್‌ಮನ್ ಭವಿಷ್ಯದ ಉಡುಪು ಹಾಕಿಕೊಂಡು ಬಂದದ್ದನ್ನು ಎಲ್ಲರೂ ಹೇಳ್ತಾರೆ. ಜೊತೆಗೆ ಬಂದಿದ್ದ, ಇಬ್ಬರ ಉಡುಪನ್ನೂ ಹೊಲಿದಿದ್ದ ಮರ್ಟಲ್ ಡಗ್ಲಸ್ ಹೆಸರು ಹೇಳೋರು ಕಮ್ಮಿ. ವೇಷ ತೊಟ್ಟವನಿಗೆ ಹೆಸರು, ಹೊಲಿದವಳಿಗೆ ಇಲ್ಲ. ನಮ್ಮ ಫೆಸ್ಟ್‌ನ ಸಮಸ್ಯೆ ಅಷ್ಟು ಹಳೇದು!

ಆದರೆ ವರ್ಲ್ಡ್‌ಕಾನ್‌ನವರು ಆಮೇಲೆ ಇದಕ್ಕೆ ದಾರಿ ಹುಡುಕಿಕೊಂಡರು. ಅಲ್ಲಿನ ವೇಷ ಸ್ಪರ್ಧೆಯಲ್ಲಿ ಸ್ಟೇಜ್ ಮೇಲೆ ಹೇಗೆ ಕಾಣ್ತೀರಿ ಅನ್ನೋದಕ್ಕೆ ಒಂದು ತೀರ್ಪು, ಕೆಲಸ ಎಷ್ಟು ಚೆನ್ನಾಗಿದೆ ಅನ್ನೋದಕ್ಕೆ ಬೇರೆ ತೀರ್ಪು. ಸ್ಟೇಜ್ ಹಿಂದೆ ಹತ್ತಿರದಿಂದ ಹೊಲಿಗೆ, ಅಂಟು, ಬಣ್ಣ ಎಲ್ಲ ನೋಡ್ತಾರೆ. ಹೊಸಬರು ಹೊಸಬರ ಜೊತೆ, ಪಳಗಿದವರು ಪಳಗಿದವರ ಜೊತೆ ಸ್ಪರ್ಧಿಸ್ತಾರೆ.

ನಮಗೂ ಬೇಕಿರೋದು ಅಷ್ಟೇ. ಕೊಂಡ ವೇಷದವರು ಬರಲಿ, ಬೇಡ ಅನ್ನೋಲ್ಲ, ನೋಡೋಕೆ ಚಂದ ಇರುತ್ತೆ. ಆದರೆ ನೂರರಲ್ಲಿ ಐವತ್ತು ಮಾರ್ಕ್ಸ್ ತಯಾರಿಕೆಗೆ ಇಡಿ. ಮಾಡಿದವರು ಹಂತ ಹಂತದ ಫೋಟೋ, ಖರ್ಚಿನ ಪಟ್ಟಿ ತರಲಿ. ಜಡ್ಜ್‌ಗಳಲ್ಲಿ ಒಬ್ಬರು ವರ್ಕ್‌ಶಾಪ್‌ನ ಇನ್‌ಸ್ಟ್ರಕ್ಟರ್ ಆಗಿರಲಿ, ವೆಲ್ಡಿಂಗ್ ಜಾಯಿಂಟ್ ನೋಡಿ ಮುಖ ಸಿಂಡರಿಸುವವರಿಗೆ ರಟ್ಟಿನ ಜಾಯಿಂಟ್ ಅರ್ಥವಾಗದೇ ಇರಲ್ಲ. ಫೆಸ್ಟ್‌ಗೆ ಮುಂಚಿನ ಒಂದು ತಿಂಗಳು ಸಂಜೆ ಐದರಿಂದ ಏಳರವರೆಗೆ ಲ್ಯಾಬ್‌ನ 3ಡಿ ಪ್ರಿಂಟರ್ ತೆರೆದಿಡಿ, ಫಿಲಮೆಂಟ್ ದುಡ್ಡು ನಾವೇ ಹಾಕ್ತೀವಿ.

"ಕಾಪಿರೈಟ್ ತೊಂದರೆ ಬಂದ್ರೆ?" ಅಂತ ಕೇಳಿದ ಸೀನಿಯರ್‌ಗಳಿಗೆ ಒಂದು ಮಾತು. ಮೊದಲ ಸಿನಿಮಾದ ಸ್ಟಾರ್ಮ್‌ಟ್ರೂಪರ್ ಹೆಲ್ಮೆಟ್‌ಗಳನ್ನು ಲಂಡನ್‌ನ ಆಂಡ್ರ್ಯೂ ಐನ್ಸ್‌ವರ್ತ್ ವ್ಯಾಕ್ಯೂಮ್ ಫಾರ್ಮಿಂಗ್‌ನಲ್ಲಿ ಮಾಡಿದ್ದು, ಅಂದ್ರೆ ಪ್ಲಾಸ್ಟಿಕ್ ಶೀಟ್ ಕಾಯಿಸಿ ಅಚ್ಚಿನ ಮೇಲೆ ಹಾಕಿ ಗಾಳಿ ಎಳೆಯೋದು. ಮುಂದೆ ಅದನ್ನೇ ಮಾಡಿ ಮಾರೋಕೆ ಹೊರಟಾಗ ಲ್ಯೂಕಸ್‌ಫಿಲ್ಮ್ ಕೇಸು ಹಾಕಿತು. ಅಮೆರಿಕದ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟರೂ, 2011ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಆ ಹೆಲ್ಮೆಟ್ ಶಿಲ್ಪ ಅಲ್ಲ, ಸಿನಿಮಾ ಮಾಡೋಕೆ ಬಳಸಿದ ಉಪಯೋಗದ ವಸ್ತು ಅಂದಿತು. ಅವರದು ಮಾರಾಟದ ಕೇಸು. ನಾವು ಮಾರೋದಿಲ್ಲ, ಹಾಕ್ಕೊಂಡು ಸ್ಟೇಜ್ ಮೇಲೆ ಹತ್ತು ಹೆಜ್ಜೆ ನಡೀತೀವಿ.

ಫೆಸ್ಟ್ ಕಮಿಟಿಯ ರೂಲ್ಸ್ ಮೀಟಿಂಗ್ ಮುಂದಿನ ಸೆಮ್ ಶುರುವಾದ ವಾರವೇ ಇರುತ್ತೆ. ಈ ಬೇಡಿಕೆಯನ್ನು ಒಂದು ಪುಟದಲ್ಲಿ ಬರೆದು ಕ್ಲಬ್ ರೂಮಿನಲ್ಲಿ ಇಟ್ಟಿದ್ದೇವೆ. ಒಪ್ಪಿಗೆ ಇರೋರು ಬಂದು ಸಹಿ ಹಾಕಿ. ಪಕ್ಕದ ರೂಮಿನವನು ಇನ್ನೂ ಹಾಕಿಲ್ಲ, ಯೋಚನೆ ಮಾಡ್ತೀನಿ ಅಂದಿದ್ದಾನೆ.