ಸದ್ದು ಮಾಡಿ ತಿನ್ನುವ ಅಂಗಡಿ

ಮಕ್ಕಳೇ, ಊಟಕ್ಕೆ ಕೂತಾಗ ಸೊರ್ ಎಂದರೆ ಮನೆಯಲ್ಲಿ ಬೈಗುಳ ತಪ್ಪಿದ್ದಲ್ಲ. ಟೋಕಿಯೋದ ಕಾಂಡಾ ಪೇಟೆಯ 'ಯಾಬು ಸೋಬಾ'ದಲ್ಲಿ ಮಾತ್ರ ಸದ್ದಿಲ್ಲದೆ ತಿನ್ನುವವರೇ ಹೊಸಬರು!

1880ರಲ್ಲಿ ಶುರುವಾದ ನೂಡಲ್ಸ್ ಅಂಗಡಿ ಅದು. 2013ರಲ್ಲಿ ಬೆಂಕಿಗೆ ಸಿಕ್ಕಿತು. ಮರುವರ್ಷವೇ ಮತ್ತೆ ಬಾಗಿಲು ತೆರೆಯಿತು. ಮಗನ ಮನೆಗೆ ಹೋಗಿದ್ದಾಗ ಹತ್ತು ವರ್ಷದ ಮೊಮ್ಮಗಳು ನಮ್ಮನ್ನೆಲ್ಲ ಅಲ್ಲಿಗೆ ಹೊರಡಿಸಿದಳು. ಫೋನಿನಲ್ಲಿ ಅವಳ ಕನ್ನಡ 'ಊಟ ಆಯ್ತಾ ಅಜ್ಜ' ದಾಟಿ ಮುಂದೆ ಹೋಗುತ್ತಿರಲಿಲ್ಲ.

ಗಲ್ಲಾದಲ್ಲಿ ಕೂತ ಹೆಂಗಸು ಗಿರಾಕಿ ಕೇಳಿದ್ದನ್ನು ಅಡುಗೆಮನೆಗೆ ರಾಗ ಎಳೆದು ಹಾಡುತ್ತಾಳೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಟೋಕನ್ ನಂಬರ್ ಕೂಗಿದ ನನಗೆ ಹೊಟ್ಟೆಕಿಚ್ಚಾಯಿತು.

ಸೋಬಾ ನಮ್ಮ ಶ್ಯಾವಿಗೆಯಂತೆ ಒತ್ತಿದ್ದಲ್ಲ. ಬಕ್‌ವೀಟ್ ಹಿಟ್ಟನ್ನು ಕಲಸಿ, ಲಟ್ಟಿಸಿ, ಮಡಚಿ, ಎಳೆ ಎಳೆಯಾಗಿ ಕತ್ತರಿಸಿದ್ದು. ಬೇಯಿಸಿ, ತಣ್ಣೀರಿನಲ್ಲಿ ತೊಳೆದು, ಬಿದಿರಿನ ಚಾಪೆಯ ಮೇಲೆ ಹರಡಿ ತರುತ್ತಾರೆ. ಕಪ್ಪು ಸಾರಿಗೆ ತುದಿಯಷ್ಟೇ ಅದ್ದಿ ಬಾಯಿಗೆ ಎಳೆದುಕೊಳ್ಳಬೇಕು. ಸಾರಿನಲ್ಲಿ ಒಣಮೀನಿನ ರಸವಿದೆ, ಸಸ್ಯಾಹಾರಿ ಅಜ್ಜಿಯರು ಗಮನಿಸಿ. ಕರಾವಳಿಯವನಾದ ನನಗೆ ಅದೇ ರುಚಿ.

"ಇನ್ನೂ ಜೋರಾಗಿ ಎಳಿ ಅಜ್ಜ!" ಮೊಮ್ಮಗಳ ಅಪ್ಪಣೆ.

ಕೊನೆಗೆ ಸೋಬಾ ಬೇಯಿಸಿದ ಬಿಸಿ ನೀರು ಬಂತು. ಉಳಿದ ಸಾರಿಗೆ ಬೆರೆಸಿ ಕುಡಿಯುವುದು ಅಲ್ಲಿನ ವಾಡಿಕೆ. ಒಂದು ಗುಟುಕು ಕುಡಿದವಳೇ, "ಅಜ್ಜಿ ಕೊಡ್ತಿದ್ದ ಗಂಜಿ ತೆಳಿ!" ಎಂದಳು.

ಅಜ್ಜಿ ಹೋಗಿ ನಾಲ್ಕು ವರ್ಷ. ಆ 'ತೆಳಿ' ಇವಳ ನಾಲಗೆಯ ಮೇಲೆ ಇನ್ನೂ ಉಳಿದಿತ್ತು. ರೈಲು ಹತ್ತಿ ಮನೆ ಸೇರುವವರೆಗೂ ಅಜ್ಜಿಯ ಅಡುಗೆಮನೆಯದೇ ಮಾತು, ಅದೂ ಕನ್ನಡದಲ್ಲಿ.