ಮುಖ್ಯರಸ್ತೆಯಲ್ಲಿ ಸೈಕಲ್‌ಗೆ ಪ್ರತ್ಯೇಕ ಪಥ ಬೇಕೇ?

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ 1 ಕೋಟಿ ದಾಟಿದೆ. ಅದೇ ರಸ್ತೆಗಳಲ್ಲಿ ಬೆಳಗಿನ ಪೇಪರ್ ಹುಡುಗರಿಂದ ಹಿಡಿದು ರಾತ್ರಿಪಾಳಿ ಮುಗಿಸಿ ಮನೆಗೆ ಹೋಗುವ ಸೆಕ್ಯುರಿಟಿ ಗಾರ್ಡ್‌ಗಳವರೆಗೆ ಎಷ್ಟೋ ಜನ ಇಂದಿಗೂ ಸೈಕಲ್ ತುಳಿಯುತ್ತಾರೆ. 2013ರಲ್ಲಿ ಕಬ್ಬನ್ ಪಾರ್ಕ್‌ನಲ್ಲಿ ಶುರುವಾದ ‘ಸೈಕಲ್ ಡೇ’ ಮುಂದೆ ಬಡಾವಣೆಗಳಿಗೂ ಹಬ್ಬಿತು. ನಿವಾಸಿಗಳ ಸಂಘಗಳು, ಸೈಕಲ್ ಬಳಗಗಳು ರಸ್ತೆಯಲ್ಲಿ ತಮ್ಮ ಪಾಲು ಕೇಳತೊಡಗಿದವು. ಮುಖ್ಯರಸ್ತೆಗಳಲ್ಲಿ ಪ್ರತ್ಯೇಕ ಪಥ ಕೊಡಿ ಎಂಬುದು ಈ ಕೂಗಿನ ಮುಂಚೂಣಿಯಲ್ಲಿದೆ. ಆದರೆ ಸೈಕಲ್‌ನ ಒಳಿತು ಬಯಸುವವರಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ಇಲ್ಲಿ ಪರವಾಗಿ ಮಾತನಾಡುವವರು ಒಬ್ಬ ಶಿಕ್ಷಕಿ; ವಿರೋಧಿಸುವವರು ಸೈಕಲ್ ಶಾಪ್ ನಡೆಸುವವರು.

ಪರ: ಜಾಗ ಕೊಡದೆ ಮಕ್ಕಳನ್ನು ರಸ್ತೆಗೆ ಬಿಡುವುದು ಹೇಗೆ?

ನಾನು ಮೊದಲು ಕೆಲಸಕ್ಕೆ ಸೇರಿದ್ದು ಮಾಗಡಿ ತಾಲ್ಲೂಕಿನ ಒಂದು ಪ್ರೌಢಶಾಲೆಗೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದ ಮೇಲೆ, ಹೆಣ್ಣುಮಕ್ಕಳು ಬೆಳಗ್ಗೆ ಬೆಲ್ ಬಾರಿಸುತ್ತಾ ಸಾಲಾಗಿ ಗೇಟಿನೊಳಗೆ ಬರುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಬೆಂಗಳೂರಿಗೆ ವರ್ಗವಾಯಿತು. ಇಲ್ಲಿ ನನ್ನ ತರಗತಿಯ ಹೆಚ್ಚಿನ ಮಕ್ಕಳ ಮನೆ ಎರಡು ಕಿಲೋಮೀಟರ್ ಒಳಗೇ ಇದೆ. ಆದರೂ ಸೈಕಲ್‌ನಲ್ಲಿ ಬರುವ ಹುಡುಗಿ ಒಬ್ಬಳೂ ಇಲ್ಲ. ಪೋಷಕರ ಸಭೆಯಲ್ಲಿ ಕಾರಣ ಕೇಳಿದೆ. ‘ಒಳರಸ್ತೇಲಿ ಹೇಗೋ ಬಂದ್ಬಿಡ್ತಾಳೆ ಮಿಸ್, ಮೇನ್ ರೋಡಲ್ಲಿ ಬಸ್ಸು ಲಾರಿ ಮಧ್ಯೆ ಹೇಗೆ ಬಿಡೋದು?’ ಎಂದರು ಒಬ್ಬ ತಾಯಿ. ನನಗೆ ಉತ್ತರ ಹೊಳೆಯಲಿಲ್ಲ.

ಆ ದಾರಿಯನ್ನು ನಾನೇ ಒಂದು ದಿನ ತುಳಿದು ನೋಡಿದೆ. ರಸ್ತೆಯ ಎಡ ಅಂಚಿನಲ್ಲಿ ಕುಸಿದ ಮೋರಿ ಚಪ್ಪಡಿ, ಮಳೆನೀರು ಇಳಿಯುವ ಜಾಲರಿ, ಜಲ್ಲಿಪುಡಿ, ಅದರ ಮುಂದೆ ನಿಂತ ಕಾರು. ಕಾರನ್ನು ಬಳಸಿ ಬಲಕ್ಕೆ ಬಂದರೆ ಬೆನ್ನಿಗೇ ಹಾರ್ನ್. ನಿಲ್ದಾಣ ಬಂತೆಂದು ಬಸ್ಸು ಎಡಕ್ಕೆ ಹೊರಳಿದಾಗ ಇಳಿದು ನಿಲ್ಲುವುದೊಂದೇ ದಾರಿ. ನಲವತ್ತು ದಾಟಿದ ನನ್ನ ಕೈಯೇ ಹ್ಯಾಂಡಲ್ ಮೇಲೆ ನಡುಗಿತು. ಹದಿಮೂರರ ಹುಡುಗಿಗೆ ‘ಹುಷಾರಾಗಿ ಬಾ’ ಎಂದರೆ ನಮ್ಮ ಹೊಣೆ ಮುಗಿಯಿತೇ?

ಮನುಷ್ಯ ತಪ್ಪುತ್ತಾನೆ, ಮಕ್ಕಳಂತೂ ತಪ್ಪೇ ತಪ್ಪುತ್ತಾರೆ. ತಪ್ಪಿದರೂ ಜೀವ ಉಳಿಯುವಂತೆ ರಸ್ತೆ ಕಟ್ಟಬೇಕು. ನೆದರ್ಲೆಂಡ್ಸ್ ಇಂದು ಸೈಕಲ್‌ಗಳ ನಾಡು. ಆದರೆ 1970ರ ದಶಕದ ಆರಂಭದಲ್ಲಿ ಅಲ್ಲಿಯೂ ಕಾರುಗಳದೇ ಕಾರುಬಾರು. ವರ್ಷಕ್ಕೆ ನೂರಾರು ಮಕ್ಕಳು ರಸ್ತೆಯಲ್ಲಿ ಸಾಯುತ್ತಿದ್ದರು. ತಂದೆತಾಯಂದಿರು ಬೀದಿಗಿಳಿದರು, ರಸ್ತೆ ಅಡ್ಡಗಟ್ಟಿದರು, ಊರೂರಿನ ಆಡಳಿತವನ್ನು ಒತ್ತಾಯಿಸಿದರು. ಅಲ್ಲಿನ ಪಥಗಳ ಹಿಂದೆ ಆ ಹೋರಾಟವಿದೆ. ಸ್ಪೇನಿನ ಸೆವಿಲ್ ನಮ್ಮ ಹಾಗೆ ಬಿಸಿಲಿನ ಊರು. ಅಲ್ಲಿ ಸ್ಥಳೀಯ ಸೈಕಲ್ ಬಳಗ ವರ್ಷಗಟ್ಟಲೆ ಬೆನ್ನುಹತ್ತಿದ ಫಲವಾಗಿ, 2006ರ ನಂತರ ಕೆಲವೇ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ, ಒಂದಕ್ಕೊಂದು ಕೂಡಿಕೊಂಡ ಪಥಗಳು ತಯಾರಾದವು. ಸೈಕಲ್ ಮುಟ್ಟದಿದ್ದ ಊರು ಸೈಕಲ್ ಹತ್ತಿತು.

ಇಲ್ಲಿ ಮಾಡಿ ಸೋತಿದ್ದೇವಲ್ಲ ಎನ್ನುವವರಿದ್ದಾರೆ. ಜಯನಗರದ ಪಥಗಳ ಮೇಲೆ ಕಾರುಗಳು ನಿಂತವು, ನಿಜ. ಆದರೆ ತಡೆಯಿಲ್ಲದ ಪಥವನ್ನು ಯಾರು ಬೇಕಾದರೂ ನುಂಗಬಹುದು. ಗಟ್ಟಿಯಾದ ಕಲ್ಲಿನ ಅಂಚು, ರಾತ್ರಿ ದೀಪ, ಪಥದ ಮೇಲೆ ನಿಂತ ವಾಹನಕ್ಕೆ ದಂಡ, ಈ ಮೂರೂ ಸೇರಿದರೆ ಮಾತ್ರ ಪಥ. ಆ ಜಾಗವನ್ನು ಫುಟ್‌ಪಾತ್‌ನಿಂದ ಕಸಿಯಬೇಕಿಲ್ಲ. ರಸ್ತೆಬದಿಯಲ್ಲಿ ಇಡೀ ದಿನ ಪುಕ್ಕಟೆಯಾಗಿ ನಿಲ್ಲುವ ಕಾರುಗಳಿಂದ ಪಡೆದರೆ ಸಾಕು. ರಸ್ತೆ ಇರುವುದು ಜನರ ಓಡಾಟಕ್ಕೆ, ವಾಹನಗಳ ಓಡಾಟಕ್ಕಲ್ಲ ಎಂಬುದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ಮೂಲತತ್ವವೇ ಆಗಿದೆ. ನಾವು ಹೊಸದೇನನ್ನೂ ಕೇಳುತ್ತಿಲ್ಲ.

ವೇಗ ತಗ್ಗಿಸಿದರೆ ಸಾಕು ಎಂಬ ಮಾತನ್ನು ಒಳರಸ್ತೆಗಳ ಮಟ್ಟಿಗೆ ನಾನೂ ಒಪ್ಪುತ್ತೇನೆ. ಮುಖ್ಯರಸ್ತೆಯಲ್ಲಿ ವೇಗಮಿತಿಯ ಫಲಕವನ್ನು ಕಾಯಲು ಪೊಲೀಸರು ಬೇಕು. ಕಲ್ಲಿನ ಅಂಚು ಹಗಲು ರಾತ್ರಿ ತಾನೇ ಕಾಯುತ್ತದೆ. ಆ ತಾಯಿ ನಾಳೆ ಮತ್ತೆ ಕೇಳಿದರೆ, ಆ ಅಂಚನ್ನು ತೋರಿಸಿ ‘ಇದರೊಳಗೆ ಬಿಡಿ ಅಮ್ಮ’ ಎನ್ನುವಂತಾಗಬೇಕು.

ವಿರೋಧ: ಪಥ ಕಟ್ಟಿದರೆ ಸೈಕಲ್ ಅಲ್ಲಿಗಷ್ಟೇ ಸೀಮಿತ

ಅಪ್ಪ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿಯನ್ನೇ ನಾನು ಈಗ ನಡೆಸುತ್ತಿದ್ದೇನೆ. ಬಾಡಿಗೆ ನಿಂತು ಎಷ್ಟೋ ಕಾಲವಾಯಿತು, ರಿಪೇರಿ ನಿಂತಿಲ್ಲ. ನನ್ನ ಕಸುಬೇ ಸೈಕಲ್. ಹಾಗಾಗಿ ಪಥ ಬೇಡ ಎಂದು ನಾನು ಹೇಳಿದರೆ, ಅದು ಸೈಕಲ್ ಬೇಡವೆಂದಲ್ಲ.

ನನ್ನ ಅಂಗಡಿಗೆ ಬರುವವರನ್ನು ನೋಡಿ. ಕ್ಯಾರಿಯರ್‌ಗೆ ಟೀ ಫ್ಲಾಸ್ಕ್ ಕಟ್ಟಿಕೊಂಡು ಕಟ್ಟಡ ಕೆಲಸದ ಜಾಗಗಳಿಗೆ ಹೋಗುವವನು. ಹ್ಯಾಂಡಲ್‌ಗೆ ಊಟದ ಡಬ್ಬಿ ನೇತುಹಾಕಿದ ಗಾರ್ಡ್. ಮಂಕರಿಯಲ್ಲಿ ಸೊಪ್ಪು ತುಂಬಿಕೊಂಡವರು. ಪೇಪರ್ ಹಾಕುವ ಹುಡುಗರು. ಟೀ ಮಾರುವವನು ನೂರು ಅಡಿಗೊಮ್ಮೆ ಇಳಿಯುತ್ತಾನೆ, ಈ ಬದಿಯಿಂದ ಆ ಬದಿಗೆ ದಾಟುತ್ತಾನೆ. ಅವನ ದಾರಿಯ ಬಹುಪಾಲು ಕ್ರಾಸ್‌ಗಳಲ್ಲಿ, ಗಲ್ಲಿಗಳಲ್ಲಿ. ಮುಖ್ಯರಸ್ತೆಯ ಪಕ್ಕ ಕಲ್ಲು ಕಟ್ಟಿದರೆ ಅವನಿಗೆ ಅದೊಂದು ದಾಟಬೇಕಾದ ಗೋಡೆ. ಪಥ ಬೇಕೆಂದು ಅರ್ಜಿ ಬರೆಯುವಾಗ ಇವರನ್ನು ಯಾರೂ ಕೇಳಿಲ್ಲ.

ಟೀಚರಮ್ಮ ಹೇಳುವ ಗಟ್ಟಿ ಅಂಚನ್ನೇ ಕಟ್ಟಿದಿರಿ ಎಂದುಕೊಳ್ಳೋಣ. ನಮ್ಮ ಮುಖ್ಯರಸ್ತೆಗೆ ಹೆಜ್ಜೆ ಹೆಜ್ಜೆಗೂ ಒಂದು ಕ್ರಾಸ್, ಒಂದು ಗೇಟು, ಒಂದು ಪೆಟ್ರೋಲ್ ಬಂಕ್. ಅಲ್ಲೆಲ್ಲ ಅಂಚನ್ನು ಕಡಿಯಲೇಬೇಕು. ಎಡಕ್ಕೆ ತಿರುಗುವ ವಾಹನ ಸೈಕಲ್‌ಗೆ ಅಡ್ಡ ಬರುವುದು ಅಂಥ ಕಡೆಯೇ. ನೇರ ದಾರಿಯಲ್ಲಿ ಕೈಹಿಡಿದು ನಡೆಸಿದ ಪಥ, ತಿರುವಿನಲ್ಲಿ ಕೈಬಿಡುತ್ತದೆ. ದೆಹಲಿಯಲ್ಲಿ 2008ರಲ್ಲಿ ಬಸ್ಸಿಗೆಂದೇ ಪಥ ಮೀಸಲಿಟ್ಟ ಬಿಆರ್‌ಟಿ ರಸ್ತೆಯ ಜೊತೆ ಸೈಕಲ್ ಪಥ ಮಾಡಿದರು. ಬೈಕುಗಳು ಅದರೊಳಗೆ ನುಗ್ಗಿದವು. ಕೊನೆಗೆ ಇಡೀ ಬಿಆರ್‌ಟಿಯನ್ನೇ ತೆಗೆದುಹಾಕಿದರು. ನಮ್ಮಲ್ಲಿ 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ, ಕಂಬ ನೆಟ್ಟು ಪಥ ಮಾಡಿದರು. ಮೆಟ್ರೊ ಕಾಮಗಾರಿ ಬಂತು, ಪಥ ಉಳಿಯಲಿಲ್ಲ. ನಾಳೆ ಪೈಪ್‌ಲೈನ್, ನಾಡಿದ್ದು ಕೇಬಲ್. ಅಗೆಯುವವರಿಗೆ ಮೊದಲು ಸಿಗುವುದು ರಸ್ತೆಯಂಚಿನ ಜಾಗವೇ.

ಕಾರು ನಿಲ್ಲುವ ಜಾಗದಿಂದ ತೆಗೆದುಕೊಳ್ಳುತ್ತೇವೆ ಎನ್ನುತ್ತಾರೆ. ಕಾರಿನವರು ವಾರ್ಡ್ ಸಭೆಗೆ ಬಂದು ಜಗಳವಾಡಬಲ್ಲರು. ಫುಟ್‌ಪಾತ್ ಪಕ್ಕ ಹೂವು ಮಾರುವ ಅಜ್ಜಿ ಬರುವುದಿಲ್ಲ. ಬೀದಿ ವ್ಯಾಪಾರಿಗಳಿಗೆ ರಕ್ಷಣೆ ಕೊಡುವ 2014ರ ಕಾಯ್ದೆ ಇದ್ದರೂ ‘ರಸ್ತೆ ಅಭಿವೃದ್ಧಿ’ ಎಂದ ಕೂಡಲೇ ಮೊದಲು ಏಳಬೇಕಾಗುವುದು ಅವರೇ. ಸೈಕಲ್‌ಗೆಂದು ಅವರ ಅನ್ನ ಕಸಿಯುವುದಕ್ಕೆ ನನ್ನ ಮನಸ್ಸು ಒಪ್ಪದು.

ಹಾಗಾದರೆ ಏನು ಕೇಳಬೇಕು? ವೇಗ ಇಳಿಸಿ ಎಂದು ಕೇಳಬೇಕು. 60 ಕಿಲೋಮೀಟರ್ ವೇಗದ ವಾಹನ 30ರ ವೇಗಕ್ಕಿಂತ ನಾಲ್ಕು ಪಟ್ಟು ಬಲದ ಏಟು ಕೊಡುತ್ತದೆ. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ದೇಶಗಳ ಸಚಿವರು, ಪಾದಚಾರಿ ಮತ್ತು ಸೈಕಲ್ ಸವಾರರು ವಾಹನಗಳೊಂದಿಗೆ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮಿತಿ ಇರಬೇಕೆಂದು ಘೋಷಿಸಿದರು. ಬರೀ ಫಲಕ ಸಾಲದು ಎಂಬ ಟೀಚರಮ್ಮನ ಮಾತು ಸರಿ. ಅದಕ್ಕೇ ಕ್ರಾಸ್ ಬಾಯಲ್ಲಿ ಎತ್ತರಿಸಿದ ದಾಟುದಾರಿ, ಕಿರಿದಾದ ತಿರುವು, ಕ್ಯಾಮೆರಾ ಬೇಕು. ಗುಂಡಿ ಮುಚ್ಚಬೇಕು, ಚಪ್ಪಡಿ ಸರಿಯಾಗಬೇಕು. ಇದರಿಂದ ಸೈಕಲ್‌ನವನ ಜೊತೆಗೆ ನಡೆಯುವ ಮುದುಕರಿಗೂ ಬಸ್ಸಿಗೆ ಕಾಯುವವರಿಗೂ ಒಳ್ಳೆಯದಾಗುತ್ತದೆ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಬಂದಾಗ ಜನ ಪಥಗಳ ಜಾಲಕ್ಕಾಗಿ ಕಾದು ಕೂರಲಿಲ್ಲ. ಊರಿನ ಓಟ ನಿಧಾನವಾಗಿತ್ತು, ಅದಕ್ಕೇ ಸೈಕಲ್ ಹತ್ತಿದರು.

ಇನ್ನೊಂದು ಭಯವೂ ಇದೆ. ಪಥವಿರುವ ನಾಲ್ಕು ರಸ್ತೆ ತೋರಿಸಿ, ಉಳಿದ ಕಡೆಯೆಲ್ಲ ‘ನಿಮ್ಮ ಪಥಕ್ಕೆ ಹೋಗಿ’ ಎಂದು ಗದರುವ ದಿನ ಬರುತ್ತದೆ. ಇಡೀ ಊರಿನ ರಸ್ತೆ ನಮ್ಮದೂ ಹೌದು. ಐದಡಿ ಪಟ್ಟಿಗೆ ಅದನ್ನು ಬಿಟ್ಟುಕೊಡಲಾರೆ.

ಪಂಕ್ಚರ್ ಆದ ಟ್ಯೂಬನ್ನು ಮೊದಲು ನೀರಿನ ಬಾಣಲೆಯಲ್ಲಿ ಅದ್ದುತ್ತೇವೆ. ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡಿಯೇ ಪ್ಯಾಚ್ ಅಂಟಿಸುವುದು. ನಮ್ಮ ರಸ್ತೆಗಳಲ್ಲಿ ಗುಳ್ಳೆ ಏಳುತ್ತಿರುವುದು ವೇಗದಲ್ಲಿ, ಕೂಡುರಸ್ತೆಗಳಲ್ಲಿ. ಪ್ಯಾಚ್ ಬೀಳಬೇಕಾದ್ದೂ ಅಲ್ಲೇ.